ಎಡಗಡೆಯ ಜಾಗ

ಜೂನ್ 4

…ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಓಡಿಬಂದು ಆ ಹೊಸ ನರ್ಸಮ್ಮನ ಬಗ್ಗೆ ನೀನು ಹೇಳಿದ್ದು ‘ಅವಳ ಕೈ ಹಗುರ ಕಣೇ ಅಕ್ಕಾ’ ಎಂದೋ, ‘ಅವಳ ಕೈ ಹಿತ’ ಎಂದೋ, ದಾರಿಯುದ್ದಕ್ಕೂ ಯೋಚಿಸಿದೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಹಗುರವಾದ ಕೈ ಎಂದರೆ ನೊಣ ಕೂತ ಹಾಗೆ. ಕುದುರೆ ಚರ್ಮ ಅದುರಿಸಿ ಓಡಿಸಿಬಿಡುತ್ತದೆ. ಹಿತವಾದ ಕೈ ಬೇರೆ. ಬಂದು ಇನ್ನೂ ವಾರವಾಗದವಳ ಕೈ ಹಿತ ಎಂದು ಯಾರೂ ಹೇಳಲಾರರು. ನೀನು ಹಗುರ ಎಂದೇ ಹೇಳಿರಬೇಕು ಎಂದುಕೊಂಡ ಮೇಲೆ ನಿದ್ದೆ ಬಂತು.

ಆಪರೇಷನ್ ಆಯಿತು. ಎಡಗೈ ಹೆಬ್ಬೆರಳಿನಿಂದ ಮೊಣಕೈಯವರೆಗೆ ಪಟ್ಟಿ ಸುತ್ತಿದ್ದಾರೆ. ಬಲಗೈ ನೆಟ್ಟಗಿರುವುದರಿಂದ ಬರೆಯುತ್ತಿದ್ದೇನೆ. ನೀನೂ ಬರೆ, ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಒಂದೇ ಸಲ ಮಾತಾಡುತ್ತೇವೆ, ಆಮೇಲೆ ಒಂದೇ ಸಲ ಸುಮ್ಮನಾಗುತ್ತೇವೆ.

ಡಾಕ್ಟರು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಕುದುರೆ, ಹೇಸರಗತ್ತೆಗಳ ಮೈ ನೀವುತ್ತೇವೆ, ನಾನು ಎಡಗಡೆ, ತಂಗಿ ಬಲಗಡೆ ಎಂದೆ. ‘ಅವೇ ನಿಮ್ಮ ಕೈ ನೀವಬೇಕಿತ್ತು’ ಎಂದು ನಕ್ಕರು. ಇನ್ನು ಮುಂದೆ ಹೆಬ್ಬೆರಳು ಊರಿ ಒತ್ತುವ ಕೆಲಸ ಬೇಡ ಎಂದೂ ಹೇಳಿದರು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಅಣ್ಣನ ಮನೆಯಲ್ಲಿ ನನಗೆ ಮಹಡಿಯ ಕೋಣೆ. ಅತ್ತಿಗೆ ಕುರ್ಚಿಗಳಿಗೆ ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿಲ್ಲ. ಕೂತು ಎದ್ದರೆ ಕುರ್ಚಿಯೂ ಜತೆಗೆ ಏಳುತ್ತದೆ. ನನ್ನ ಬಟ್ಟೆಗೆ ಲಾಯದ ವಾಸನೆ ಇದೆಯಂತೆ. ಒಗೆದೂ ಒಗೆದೂ ಹೋಗಲಾಡಿಸಿದರು. ಈಗ ಅದು ನನ್ನ ಬಟ್ಟೆಯೇ ಅಲ್ಲ ಅನಿಸುತ್ತದೆ. ಅಣ್ಣನ ಮಗಳಿಗೆ ನಮ್ಮ ಮೇಷ್ಟ್ರ ವಿಷಯ ಹೇಳಿದೆ. ಒಂದು ಹೇಸರಗತ್ತೆಗೆ ಮೇಷ್ಟ್ರು ಅಂತ ಯಾಕೆ ಹೆಸರಿಟ್ಟಿರಿ ಎಂದು ಕೇಳಿದಳು. ಹೋಂವರ್ಕ್ ಮಾಡದವರನ್ನು ನೋಡುವ ಹಾಗೆ ಎಲ್ಲರನ್ನೂ ನೋಡುತ್ತಾರೆ, ಅದಕ್ಕೆ ಎಂದೆ.

ಒಂದು ಮಾತು. ಹೊರಗಿನಿಂದ ಬರುವ ಕುದುರೆಗಳಿಗೆ ಆ ನರ್ಸಮ್ಮನನ್ನು ಎಡಗಡೆ ನಿಲ್ಲಿಸಿಕೋ, ವಿಧಿಯಿಲ್ಲ. ಮೇಷ್ಟ್ರ ಎಡಗಡೆ ಮಾತ್ರ ನಾನು ಬರುವವರೆಗೆ ಖಾಲಿ ಇರಲಿ.

ಒಂದೂವರೆ ಕೈಯ ನಿನ್ನ ಅಕ್ಕ


ಜೂನ್ 13

ಅಕ್ಕಾ,

‘ಹಿತ’ ಎಂದೇ ಹೇಳಿದ್ದು.

ನೀನು ಹೇಳಿದ ಹಾಗೆ ಮೇಷ್ಟ್ರ ಎಡಗಡೆ ಖಾಲಿ ಬಿಡಲು ನೋಡಿದೆ. ಆದರೆ ಒಂದೇ ಪಕ್ಕ ನೀವಿದರೆ ಪ್ರಾಣಿ ಸೊಟ್ಟಗಾಗುತ್ತದೆ ಎಂದು ನನಗೆ ಕಲಿಸಿದವಳು ನೀನೇ. ಬಲಗಡೆ ಮಾತ್ರ ನೀವಿದ ಮೇಲೆ ಅವರು ಅಂಗಳದಲ್ಲಿ ನಡೆದದ್ದು ನೋಡಿದ್ದರೆ ನೀನೂ ನಗುತ್ತಿದ್ದೆ. ಒಂದು ಚಕ್ರ ಬಿಗಿಯಾದ ತಳ್ಳುಗಾಡಿಯ ಹಾಗೆ ಎಡಕ್ಕೇ ಎಳೆಯುತ್ತಿದ್ದರು. ಹಾಗಾಗಿ ಅವಳನ್ನು ಕರೆದೆ.

ಅವಳ ವಿಷಯ ನಿನಗೆ ಹೆಚ್ಚು ಗೊತ್ತಿಲ್ಲ. ವೃದ್ಧಾಶ್ರಮದಲ್ಲಿ ಬಹಳ ವರ್ಷ ಇದ್ದವಳು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಇದೇ ಕೆಲಸ. ಸೈಕಲ್ಲಿನಲ್ಲಿ ಬರುತ್ತಾಳೆ. ಗೇಟಿನಿಂದಲೇ ಮಾತು ಶುರು, ಕುದುರೆಗಳೆಲ್ಲ ಕಿವಿ ನಿಮಿರಿಸುತ್ತವೆ. ಆದರೆ ಕೈಯಿಡುವ ಮುಂಚೆ ಬೇರೆಯೇ ಹೆಂಗಸು. ಮೇಷ್ಟ್ರ ಎದುರು ನಿಂತು ‘ಬರ್ಲಾ ಸಾರ್?’ ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ, ಕಾದಳು.

ಕಿವಿಯ ಹಿಂದೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಒತ್ತಲೂ ಇಲ್ಲ, ಉಜ್ಜಲೂ ಇಲ್ಲ. ನಾನೂ ಈ ಕಡೆಯಿಂದ ಹಾಗೇ ನಿಂತೆ. ಎಡಗಡೆಯವಳು ಮೊದಲು ಮಾಡುವುದು, ಬಲಗಡೆಯವಳು ಅದನ್ನೇ ಅನುಸರಿಸುವುದು ತಾನೇ ನಮ್ಮ ಕ್ರಮ. ಎಷ್ಟು ಹೊತ್ತಾಯಿತೋ. ಮೇಷ್ಟ್ರ ಕೆಳತುಟಿ ಒದ್ದೆ ಕಾಲುಚೀಲದ ಹಾಗೆ ಜೋತುಬಿತ್ತು. ಕಣ್ಣು ಅರ್ಧ ಮುಚ್ಚಿದರು. ಅಲುಗಾಡಲಿಲ್ಲ. ಕೊನೆಗೆ ಒಂದು ಆಕಳಿಕೆ ಬಂತು ನೋಡು, ಬಾಯಿಯೊಳಗಿನ ಕಡೆಯ ಹಲ್ಲಿನವರೆಗೆ ಕಂಡಿತು.

ನಿನಗೆ ಸಂತೋಷವಾಗುತ್ತದೆ ಎಂದು ಬರೆದೆ. ಕೈ ಜೋಪಾನ. ಅತ್ತಿಗೆಯ ಜತೆ ಜಗಳ ಬೇಡ.

ನಿನ್ನ ತಂಗಿ


ಜೂನ್ 18

ತಂಗೀ,

ನಿನ್ನ ಕಾಗದ ಓದುತ್ತ ‘ಅಲುಗಾಡಲಿಲ್ಲ’ ಎಂಬಲ್ಲಿ ನಿಂತೆ.

ಕಲ್ಲುಗಣಿಯಲ್ಲಿ ಹೊರೆ ಹೊತ್ತು ಸಾಕಾಗಿ ನಮ್ಮಲ್ಲಿಗೆ ಬಂದ ಹೊಸತರಲ್ಲಿ ಮೇಷ್ಟ್ರು ಹೇಗೆ ನಿಲ್ಲುತ್ತಿದ್ದರು, ಮರೆತೆಯಾ? ಬೆನ್ನಿನ ಹಸಿ ಹುಣ್ಣಿಗೆ ಔಷಧಿ ಹಚ್ಚಿದರೂ ನೆಟ್ಟ ಕಂಬದ ಹಾಗೆ ನಿಲ್ಲುತ್ತಿದ್ದರು. ನೋವಾದರೆ ಕುದುರೆ ಊರಿಗೆಲ್ಲ ಸಾರುತ್ತದೆ, ಹೇಸರಗತ್ತೆ ನುಂಗಿಕೊಳ್ಳುತ್ತದೆ. ಆಕಳಿಕೆಯೂ ಅಷ್ಟೇ, ಹೊಟ್ಟೆನೋವಿಗೂ ಆಕಳಿಸುತ್ತವೆ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಆದರೆ ಹೊಸ ನೆಂಟರು ಬಂದಾಗ ಮನೆಯವರಿಗೆ ಕಣ್ಣು ಸ್ವಲ್ಪ ಮಂಜಾಗುತ್ತದೆ.

ನನ್ನ ಕೈಕೆಳಗೆ ಅವರು ಎಂದಾದರೂ ಸುಮ್ಮನೆ ನಿಂತದ್ದುಂಟೇ? ಹೆಗಲ ಹಿಂದೆ ಮೊಣಕೈ ಊರಿದರೆ ಸಾಕು, ಇಡೀ ಭಾರ ನನ್ನ ಮೇಲೆ ಹಾಕಿ ವಾಲುತ್ತಿದ್ದರು. ಬಾಲ ಬೀಸುತ್ತಿದ್ದರು. ಕಾಲು ತುಳಿಯುತ್ತಿದ್ದರು. ನನ್ನ ಕಾಲಿನ ಕಪ್ಪಾದ ಉಗುರುಗಳು ಯಾವುದರ ಗುರುತು ಅಂತ ಅಂದುಕೊಂಡೆ? ನಂಬಿಕೆ ಇಲ್ಲದವರ ಮೇಲೆ ಯಾರಾದರೂ ಹಾಗೆ ಭಾರ ಹಾಕುತ್ತಾರೆಯೇ? ಅವಳ ಮೇಲೆ ಒಮ್ಮೆಯಾದರೂ ವಾಲಿದರೇ? ಕೇಳಿ ನೋಡು.

ದನದ ಡಾಕ್ಟರನ್ನು ಕರೆಸು. ಹೊಟ್ಟೆ, ಬೆನ್ನು, ಹಲ್ಲು ಎಲ್ಲ ನೋಡಿಸು. ತಡಮಾಡಬೇಡ. ಅವಳಿಗೆ ಮುದುಕರ ಅಭ್ಯಾಸ. ಮುದುಕರು ಸುಮ್ಮನೆ ಮಲಗಿದರೆ ಸಾಕು, ಕೆಲಸ ಆಯಿತು ಅಂದುಕೊಳ್ಳುವ ಜಾಗದಿಂದ ಬಂದವಳು.

ಅಕ್ಕ


ಜುಲೈ 1

ಅಕ್ಕಾ,

ಡಾಕ್ಟರನ್ನು ಕರೆಸಿದೆ. ನಿನ್ನ ಮಾತಿಗೆ ಬೆಲೆ ಕೊಟ್ಟೇ ಕರೆಸಿದೆ, ಅದನ್ನು ನೆನಪಿಡು.

ಬೆನ್ನುದ್ದಕ್ಕೂ ಒತ್ತಿ ನೋಡಿದರು. ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ಬಾಯಿ ಬಿಡಿಸಿದರು, ಮೇಷ್ಟ್ರು ಅವರ ತೋಳಿಗೆಲ್ಲ ಜೊಲ್ಲು ಬಳಿದರು. ಕೊನೆಗೆ, ‘ಇದಕ್ಕೇನೂ ಆಗಿಲ್ಲಮ್ಮ. ಬೆನ್ನು ಹೋದ ಸಲಕ್ಕಿಂತ ಮೆತ್ತಗಿದೆ. ಯಾರು ಹೇಳಿದ್ದು ನೋವಿದೆ ಅಂತ?’

‘ನಮ್ಮಕ್ಕ.’

‘ಅವರು ನೋಡಿದ್ರಾ?’

‘ಇಲ್ಲ, ಅಣ್ಣನ ಮನೇಲಿದಾಳೆ. ಬಸ್ಸಲ್ಲಿ ಒಂದು ಹಗಲಿನ ದಾರಿ.’

‘ಹಾಗಾದ್ರೆ ನೋವು ಅಲ್ಲೇ ಇರಬೇಕು ಬಿಡಿ.’

ನರ್ಸಮ್ಮ ಹತ್ತಿರದಲ್ಲೇ ಬಕೆಟ್ಟು ತೊಳೆಯುತ್ತಿದ್ದಳು. ಅವಳಿಗೆ ಕೇಳಿಸಿತು. ನಗಲಿಲ್ಲ, ನಲ್ಲಿ ಇನ್ನಷ್ಟು ಜೋರಾಗಿ ಬಿಟ್ಟಳು. ಆ ಶಬ್ದದಲ್ಲಿ ನನಗೆ ನಿನ್ನ ಪರವಾಗಿ ನಾಚಿಕೆಯಾಯಿತು.

ನೇರವಾಗಿ ಕೇಳುತ್ತೇನೆ. ಇದು ಮೇಷ್ಟ್ರ ಹೊಟ್ಟೆಯ ಚಿಂತೆಯೋ, ನಿನ್ನ ಹೊಟ್ಟೆಯ ಕಿಚ್ಚೋ?

ತಂಗಿ


ಜುಲೈ 8

ತಂಗೀ,

ನಿಮ್ಮ ಡಾಕ್ಟರರ ಹಾಸ್ಯ ಇಲ್ಲಿಯವರೆಗೂ ಬಂದು ತಲುಪಿತೆಂದು ತಿಳಿಸು.

ನನಗೆ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚು ಪಡಲು ಅವಳ ಹತ್ತಿರ ಏನಿದೆ, ಒಂದು ಸೈಕಲ್ಲು. ಅಂದ ಹಾಗೆ ಬಾಗಿಲ ಹಿಂದೆ ನನ್ನ ಏಪ್ರನ್ ತೂಗುಹಾಕಿ ಬಂದಿದ್ದೇನೆ. ಅವಳಿಗೆ ಅದು ಉದ್ದವಾಗುತ್ತದೆ, ಕೊಡಬೇಡ. ಮಧ್ಯಾಹ್ನ ಊಟಕ್ಕೆ ಎಲ್ಲಿ ಕೂರುತ್ತಾಳೆ? ಹುಲ್ಲಿನ ಕೋಣೆಯ ಮೆಟ್ಟಿಲಿನ ಮೇಲೆ, ನಿನ್ನ ಪಕ್ಕದಲ್ಲೋ? ಸುಮ್ಮನೆ ಕೇಳಿದೆ. ಉತ್ತರ ಬರೆಯಬೇಕೆಂದಿಲ್ಲ.

ಇಲ್ಲಿ ಬರೆಯುವಂಥದ್ದು ಏನೂ ಇಲ್ಲ. ಪಟ್ಟಿ ಬಿಚ್ಚಿದರು. ದಿನಾ ಬೆಳಿಗ್ಗೆ ಒಬ್ಬಳು ಹುಡುಗಿ ಬಂದು ಕೈಗೆ ವ್ಯಾಯಾಮ ಮಾಡಿಸುತ್ತಾಳೆ. ಹೆಬ್ಬೆರಳ ಬುಡದಲ್ಲಿ ತನ್ನ ಹೆಬ್ಬೆರಳು ಊರಿ ಒತ್ತುತ್ತಾಳೆ, ಬಹಳ ಶ್ರದ್ಧೆ. ನಾನು ಕೂತಲ್ಲೇ ಅತ್ತಿತ್ತ ಸರಿಯುತ್ತೇನೆ. ಮನೆ ಎಲ್ಲಿ, ಅಮ್ಮ ಏನು ಮಾಡುತ್ತಾರೆ ಎಂದು ಬಾಯಿಗೆ ಬಂದದ್ದು ಕೇಳುತ್ತೇನೆ. ಕಾಲಿನಿಂದ ಮೇಜಿನ ಕಾಲನ್ನು ಒದೆಯುತ್ತೇನೆ. ಮೊನ್ನೆ ಮೆಟ್ಟಿಲಿಳಿಯುವಾಗ ಅತ್ತಿಗೆಗೆ ಹೇಳುತ್ತಿದ್ದಳು: ‘ನಿಮ್ಮ ನಾದಿನಿಗೆ ನಾನಂದ್ರೆ ತುಂಬಾ ಇಷ್ಟ ಕಣ್ರೀ, ಎಷ್ಟು ಮಾತಾಡ್ತಾರೆ!’ ಕಣ್ಣಲ್ಲಿ ನೀರು ಬಂದದ್ದನ್ನು ನಾನು ತೋರಿಸಿಕೊಂಡಿರಲಿಲ್ಲ. ಪಾಪ, ಚಿಕ್ಕವಳು. ಅಷ್ಟು ಸಂತೋಷದಿಂದ ಮಾಡುವಾಗ ಏನು ಹೇಳುವುದು?

ಅತ್ತಿಗೆ ಕೂಗುತ್ತಿದ್ದಾರೆ. ನಿಲ್ಲಿಸುತ್ತೇನೆ.

ಅಕ್ಕ


ಜುಲೈ 10

ನರ್ಸಮ್ಮನವರಿಗೆ,

ನಾನು ಹೊರಡುವ ಗಡಿಬಿಡಿಯಲ್ಲಿ ನಾವು ಸರಿಯಾಗಿ ಮಾತಾಡಲು ಆಗಲಿಲ್ಲ. ಮೇಷ್ಟ್ರನ್ನು ನೀವು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ ಎಂದು ತಂಗಿ ಬರೆದಿದ್ದಾಳೆ. ಅವಳಿಗೆ ಯಾರನ್ನಾದರೂ ಹೊಗಳುವುದೆಂದರೆ ಬಲು ಸುಲಭ, ಚಿಕ್ಕಂದಿನಿಂದಲೂ ಹಾಗೇ.

ನಿಮಗೆ ಕೆಲಸ ಹೊಸದು. ಅದಕ್ಕೆ ಒಂದು ವಿಷಯ ತಿಳಿಸುತ್ತೇನೆ. ಅಂಗೈ ಇಟ್ಟು ನಿಂತರೆ ರೋಗಿಗೆ ಸಮಾಧಾನವಾಗಬಹುದು, ಹೇಸರಗತ್ತೆಯ ಬೆನ್ನಿಗೆ ಅದು ಸಾಲದು. ಅವರು ಗಣಿಯಲ್ಲಿ ಹೊರೆ ಹೊತ್ತ ಪ್ರಾಣಿ. ಗಂಟು ಆಳದಲ್ಲಿರುತ್ತದೆ. ಎಡ ಹೆಗಲಿನ ಮೂಳೆಯ ಹಿಂದೆ, ನಾಲ್ಕು ಬೆರಳು ಕೆಳಗೆ, ಮೊಣಕೈ ಊರಬೇಕು. ಮೈಭಾರ ಬಿಡಬೇಕು. ಅವರು ನಿಮ್ಮ ಕಡೆ ವಾಲಿದರೆ ಕೈ ತೆಗೆಯಬೇಡಿ, ಇನ್ನಷ್ಟು ಊರಿ. ಅದು ಅವರು ಒಪ್ಪಿಕೊಂಡ ಗುರುತು. ಅವರು ನಿಮ್ಮ ಕೈಯನ್ನು ಒಪ್ಪಿದ್ದಾರೋ ಇಲ್ಲವೋ ಎಂಬುದು ಆಗ ಗೊತ್ತಾಗುತ್ತದೆ.

ತಂಗಿಗೆ ಇದನ್ನು ಹೇಳುವ ಅಗತ್ಯವಿಲ್ಲ. ಅವಳು ಬಲಗಡೆಯವಳು. ಎಡಗಡೆಯದು ನಮ್ಮಿಬ್ಬರ ವಿಷಯ.

ದೊಡ್ಡಕ್ಕ


ಜುಲೈ 24

ದೊಡ್ಡಕ್ಕನವರಿಗೆ ನಮಸ್ಕಾರ.

ಉತ್ತರ ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಆಶ್ರಮದಲ್ಲಿ ಜ್ವರ, ಊಟ, ಔಷಧಿ ಇಷ್ಟೇ ಬರೆಯುತ್ತಿದ್ದೆ.

ನೀವು ಹೇಳಿದ ಹಾಗೆ ಮಾಡಿದೆ. ನಾಲ್ಕು ಬೆರಳು ಅಳೆದುಕೊಂಡೇ ಮೊಣಕೈ ಇಟ್ಟೆ. ಮೇಷ್ಟ್ರು ನನ್ನ ಕಡೆ ವಾಲಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ದೊಡ್ಡಕ್ಕನ ಹತ್ತಿರ ಇರುವ ಹಾಗೆ ನನ್ನ ಹತ್ತಿರವೂ ಇದ್ದಾರಲ್ಲ ಅನ್ನಿಸಿತು. ಇನ್ನಷ್ಟು ಊರಿದೆ. ಆ ಕಡೆಯಿಂದ ಚಿಕ್ಕಕ್ಕ ‘ಮೆಲ್ಲಗೆ’ ಎಂದರು. ಅವರು ಹಾಗೆ ಆಗಾಗ ಹೇಳುತ್ತಿರುತ್ತಾರೆ, ನಾನು ಕೂಡಲೇ ಕೈ ಸಡಿಲಿಸುತ್ತೇನೆ. ಅವತ್ತು ನಿಮ್ಮ ಮಾತು ನೆನಪಿತ್ತು, ಸಡಿಲಿಸಲಿಲ್ಲ. ಆಗ ಮೇಷ್ಟ್ರು ಕಾಲೆತ್ತಿ ನನ್ನ ಪಾದದ ಮೇಲೆ ಇಟ್ಟರು.

ಹೆಬ್ಬೆರಳ ಮೂಳೆ ಮುರಿದಿದೆಯಂತೆ. ನಿಮಗೆ ಕೈಯದು, ನನಗೆ ಕಾಲಿನದು. ಸೈಕಲ್ ತುಳಿಯಲಾಗದು, ಆಟೋದಲ್ಲಿ ಬರುತ್ತೇನೆ. ನೋವಿಗಿಂತ ಬೇಜಾರೆಂದರೆ ಮೇಷ್ಟ್ರು ಈಗ ನನ್ನನ್ನು ಕಂಡರೆ ಅಂಗಳದ ಆ ಕಡೆ ಹೋಗಿ ನಿಲ್ಲುತ್ತಾರೆ. ‘ಬರ್ಲಾ ಸಾರ್’ ಎಂದರೆ ಬಾಲ ತೋರಿಸುತ್ತಾರೆ.

ನನ್ನದೇ ತಪ್ಪಿರಬೇಕು. ಮೊಣಕೈ ಎಲ್ಲೋ ಜಾರಿತೇನೋ. ನಿಮ್ಮ ಕಾಗದದ ವಿಷಯ ಚಿಕ್ಕಕ್ಕನಿಗೆ ನಾನಾಗಿ ಹೇಳಿಲ್ಲ.

ನಿಮ್ಮ ವಿಶ್ವಾಸಿ, ನರ್ಸಮ್ಮ


ಜುಲೈ 29

ಅಕ್ಕಾ,

ಅವಳು ಹೇಳಲಿಲ್ಲ, ನಾನೇ ಕೇಳಿದೆ. ಕೇಳುವ ಮೊದಲೇ ಗೊತ್ತಿತ್ತು. ಎಡಗಡೆ ಒತ್ತಿದ್ದು ಅವಳು, ಆದರೆ ಮೇಷ್ಟ್ರ ಮೈಯೊಳಗಿಂದ ನನ್ನ ಅಂಗೈಗೆ ಬಂದದ್ದು ನಿನ್ನ ಕೈ. ಇಷ್ಟು ವರ್ಷ ಬಲಗಡೆ ನಿಂತವಳಿಗೆ ಅಷ್ಟೂ ತಿಳಿಯುವುದಿಲ್ಲವೇ?

ಹೇಸರಗತ್ತೆಯನ್ನು ತಳ್ಳಿದರೆ ಅದು ತಳ್ಳಿದವರ ಕಡೆಗೇ ತಿರುಗಿ ತಳ್ಳುತ್ತದೆ. ನೀನು ಊರಿದಷ್ಟೂ ಅವರು ಭಾರ ಹಾಕುತ್ತಿದ್ದದ್ದು ಅದಕ್ಕೆ. ಈ ಕಡೆ ಅವರ ಪಕ್ಕೆಲುಬು ಹಲಗೆಯ ಹಾಗೆ ಬಿಗಿಯಾಗುತ್ತಿತ್ತು. ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು. ನನ್ನ ಕಾಲನ್ನು ಅವರು ಒಂದು ದಿನವೂ ತುಳಿದಿಲ್ಲ. ‘ನಿನ್ನ ಮೇಲೆ ಅವರಿಗೆ ಅಷ್ಟು ಪ್ರೀತಿ ಇಲ್ಲ ಬಿಡೇ’ ಎಂದು ನೀನು ಚುಡಾಯಿಸುತ್ತಿದ್ದೆ, ನಾನೂ ನಗುತ್ತಿದ್ದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ, ಗೊತ್ತು. ಮೈಮೇಲೆ ಕೈಯಿಟ್ಟ ಮೇಲೆ ಮಾತಿಲ್ಲ ಎಂಬ ಕಟ್ಟಪ್ಪಣೆ ನಿನ್ನದು. ಕೈ ತೆಗೆದ ಮೇಲೋ, ನೀನು ಬೆವರು ಒರೆಸಿಕೊಳ್ಳುತ್ತ, ‘ನೋಡಿದ್ಯಾ, ಹೆಂಗೆ ಒರಗಿದ್ರು’ ಎಂದು ಮುಖ ಅರಳಿಸಿಕೊಂಡು ನಿಂತಿರುತ್ತಿದ್ದೆ. ಆ ಮುಖಕ್ಕೆ ಹೇಳುವುದು ಹೇಗೆ? ನಾಳೆ ಹೇಳೋಣ ಅನ್ನಿಸುತ್ತಿತ್ತು. ಆ ನಾಳೆ ಬರಲೇ ಇಲ್ಲ. ಇದರಲ್ಲಿ ಮೇಷ್ಟ್ರಿಗೆ ನಾನು ಮಾಡಿದ ತಪ್ಪೂ ಇದೆ, ಅದು ನನಗೂ ಅವರಿಗೂ ಬಿಟ್ಟದ್ದು.

ಅವಳ ಕಾಲಿನ ವಿಷಯಕ್ಕೆ ನಾನು ನಿನ್ನ ಮೇಲೆ ಬಹಳ ಕೋಪ ಮಾಡಿಕೊಂಡಿದ್ದೇನೆ. ಕೋಪದಲ್ಲೇ ಇದನ್ನೂ ಬರೆದುಬಿಡುತ್ತೇನೆ. ಕೈ ವಾಸಿಯಾದರೆ ಬಾ. ಎಡಗಡೆಗಲ್ಲ. ಅಲ್ಲಿ ಇನ್ನು ಮೇಲೆ ಅವಳೇ. ನೀನು ತಲೆಯ ಹತ್ತಿರ ನಿಂತು ಹಗ್ಗ ಹಿಡಿ. ಅವರ ಕಣ್ಣು ಕಾಣುವ ಜಾಗ ಅದು. ಅದಕ್ಕೆ ಒಪ್ಪುವುದಾದರೆ ಬಾ. ಒಪ್ಪದಿದ್ದರೆ ಅಣ್ಣನ ಮನೆಯಲ್ಲೇ ಇನ್ನೂ ಸ್ವಲ್ಪ ದಿನ ಇರು.

ತಂಗಿ


ಸೆಪ್ಟೆಂಬರ್ 17

ನರ್ಸಮ್ಮನವರಿಗೆ,

ನಿಮ್ಮ ಕಾಲು ಹೇಗಿದೆ? ಸೈಕಲ್ ತುಳಿಯಲು ಶುರು ಮಾಡಿದ್ದೀರಾ? ಅವಸರ ಬೇಡ. ಕಾಲಿನ ಬೆರಳು ಕೂಡಿಕೊಂಡಂತೆ ಕಂಡರೂ ಬಹಳ ದಿನ ಒಳಗೆ ಮುನಿಸಿಕೊಂಡಿರುತ್ತದೆ. ನೀವು ಮೊಣಕೈ ಇಟ್ಟದ್ದು ಸರಿಯಾದ ಜಾಗದಲ್ಲೇ. ಎಲ್ಲೂ ಜಾರಲಿಲ್ಲ. ಅದನ್ನು ಮನಸ್ಸಿನಿಂದ ತೆಗೆಯಿರಿ.

ತಂಗಿಗೆ ಉತ್ತರ ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ಕುರ್ಚಿಯೂ ಏಳುತ್ತದೆ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ, ನೀವೇ ಅವಳಿಗೆ ತಿಳಿಸಿ. ಬರುವ ಗುರುವಾರ ಬೆಳಗಿನ ಬಸ್ಸಿಗೆ ಹೊರಟು ಸಂಜೆ ಬರುತ್ತೇನೆ. ಹಗ್ಗ ಹಿಡಿಯುತ್ತೇನೆ. ಎಡಗಡೆ ನೀವೇ ಇರಿ. ನನ್ನ ಹೆಬ್ಬೆರಳು ಈಗ ಲೋಟ ಎತ್ತುತ್ತದೆ, ಗುಂಡಿ ಹಾಕುತ್ತದೆ, ಅದರಾಚೆಗೆ ಬೇಡವೆನ್ನುತ್ತದೆ. ಏಪ್ರನ್ ನಿಮಗೆ ಉದ್ದವಾದರೆ ಕೆಳಗೆ ಮಡಚಿ ಹೊಲಿದುಕೊಳ್ಳಿ.

ಮೇಷ್ಟ್ರು ನಿಮ್ಮ ಹತ್ತಿರ ಮತ್ತೆ ಬರುತ್ತಿದ್ದಾರೆ ಎಂದು ಅಣ್ಣನಿಗೆ ಫೋನಿನಲ್ಲಿ ತಂಗಿ ಹೇಳಿದಳಂತೆ. ನನಗೆ ಹೇಳಲು ಅಣ್ಣನಿಗೆ ಹೇಳಿದಳೋ, ಸುಮ್ಮನೆ ಹೇಳಿದಳೋ. ಕೇಳಿ ಸಮಾಧಾನವಾಯಿತು. ಪೂರ್ತಿ ಅಲ್ಲ. ಅವರು ನನ್ನನ್ನು ಕಂಡು ಅಂಗಳದ ಆ ಕಡೆ ಹೋಗಿ ನಿಂತರೆ ನೀವು ನೋಡದ ಹಾಗೆ ಇದ್ದುಬಿಡಿ.

ಮೊನ್ನೆ ಇಲ್ಲಿ ವ್ಯಾಯಾಮ ಮಾಡಿಸುವ ಹುಡುಗಿಗೆ ‘ಮೆಲ್ಲಗೆ’ ಎಂದೆ. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ತೆಗೆದಳು. ‘ಇಷ್ಟು ದಿನಾನೂ ನೋಯ್ತಿತ್ತಾ? ಒಂದ್ಮಾತು ಹೇಳ್ಬಾರ್ದಿತ್ತಾ?’ ಎಂದಳು. ನನ್ನ ಬಾಯಲ್ಲಿ ಅದು ಗದರಿದ ಹಾಗೆ ಬಂದಿರಬೇಕು. ಆಮೇಲೆ ಅವಳು ಕೈ ನೋಡಲಿಲ್ಲ, ನನ್ನ ಮುಖ ನೋಡಿಕೊಂಡೇ ನೀವಿದಳು. ಮನೆ, ಅಮ್ಮ ಯಾವುದನ್ನೂ ಕೇಳುವ ಅಗತ್ಯ ನನಗೂ ಬೀಳಲಿಲ್ಲ. ಹೋಗುವಾಗ ಮಾತ್ರ ಕಣ್ಣು ಕೆಂಪಾಗಿತ್ತು.

ಗುರುವಾರ ನೋಡೋಣ.

ದೊಡ್ಡಕ್ಕ

ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ನಿಮ್ಮ ಮೇಲಿನ ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಅದು ಮೇಷ್ಟ್ರ ಕಾರಣಕ್ಕಿತ್ತು, ಈಗ ಜಾಗ ಬದಲಾಯಿಸಿದೆ. ಚಿಕ್ಕಕ್ಕ ಹಾಗೆ ಆಗಾಗ ಹೇಳುತ್ತಿರುತ್ತಾರೆ ಎಂದು ಬರೆದಿದ್ದಿರಿ. ನಿಮಗೆ ಅದು ದೊಡ್ಡದಲ್ಲ. ಹೇಳುತ್ತಾಳೆ, ಸಡಿಲಿಸುತ್ತೀರಿ, ಕೆಲಸ ಮುಂದುವರಿಯುತ್ತದೆ. ನನಗೆ ಅವಳು ಒಂದು ಸಲವೂ ಹೇಳಿದವಳಲ್ಲ. ಅವಳನ್ನೇ ಕೇಳೋಣವೆಂದರೆ ಬಾಯಿ ಬರುವುದಿಲ್ಲ, ಅದಕ್ಕೆ ನಿಮ್ಮನ್ನು ಕೇಳುತ್ತೇನೆ. ಆ ಕಡೆಯಿಂದ ನಿಮಗೆ ‘ಮೆಲ್ಲಗೆ’ ಎನ್ನುವಾಗ ಅವಳ ಧ್ವನಿ ಹೇಗಿರುತ್ತದೆ?